ಅಮೆರಿಕದ ಎಂಪಿಯ ಕೋಟು

ಕುವೈತ್ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೆರೆಸಿದ ಅಧಿಕಾರಿಗೆ ಸಿಕ್ಕಿದ್ದು ಮೂರು ಕಿಲೋ ಕುಚ್ಚಲಕ್ಕಿ, ಒಣ ಸಿಗಡಿ ಮತ್ತು ನೂಲಿನ ಉಂಡೆಗಳು ತುಂಬಿದ ಒಂದು ಬಿಸ್ಕತ್ತಿನ ಡಬ್ಬ. ಸಿಗಡಿಯ ವಾಸನೆಗೆ ಮೂಗು ಮುಚ್ಚಿಕೊಂಡ. ಡಬ್ಬ ನೋಡಿ, ಗಾಳಿಯಲ್ಲಿ ಸೂಜಿ ಹಿಡಿದವನಂತೆ ಕೈ ಆಡಿಸಿ ಹುಬ್ಬು ಹಾರಿಸಿದ. ನಾನು ಹೌದೆಂದು ತಲೆ ಆಡಿಸಿದೆ. "ಯಲ್ಲಾ" ಎನ್ನುತ್ತ, ಹೊರಡು ಎಂಬಂತೆ ಕೈ ಬೀಸಿ ನಕ್ಕು ಕಳಿಸಿದ. ನನ್ನ ಮೊದಲ ವಿದೇಶ ಪ್ರಯಾಣ ಹೀಗೆ ಶುರುವಾಯಿತು.

ನಾನು ಹೋದದ್ದು ಮಗಳು ಪ್ರಮೀಳಾಳ ಮನೆಗೆ. ಅವಳು ಫರ್ವಾನಿಯಾದಲ್ಲಿ ನರ್ಸ್. ಅದು ಹೇಳಿಕೊಳ್ಳುವ ಕಾರಣ. ಇನ್ನೊಂದು ಕಾರಣ ಫಹಾಹೀಲಿನ ಒಂದು ಟೈಲರ್ ಅಂಗಡಿಯಲ್ಲಿ ನೇತಾಡುತ್ತಿತ್ತು. ನನ್ನ ಗಂಡ ಸಿರಿಲ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಅಲ್ಲಿ ಕೋಟು ಹೊಲಿದರು. ಕಳೆದ ವರ್ಷ ಕಾಯಿಲೆಯಾಗಿ ಊರಿಗೆ ಬಂದಾಗ ಅವರ ಕೈ ಚಮಚ ಹಿಡಿಯಲೂ ಆಗದಷ್ಟು ನಡುಗುತ್ತಿತ್ತು. ಕೊನೆಯ ವಾರದಲ್ಲಿ ಎರಡು ಸಲ ಹೇಳಿದರು: "ಎಂಪಿ ಕೋಟು ಅರ್ಧಕ್ಕೆ ನಿಂತಿದೆ." ಅವರು ಹೋಗಿ ಹನ್ನೊಂದು ತಿಂಗಳಾದ ಮೇಲೆ ಅಂಗಡಿಯಿಂದ ಫೋನು ಬಂತು. ಎಂಪಿ ಗುರುವಾರ ಬರುತ್ತಾರೆ, ಈ ವರ್ಷ ನಿವೃತ್ತಿ, ಇದು ಕೊನೆಯ ಸಲ ಅಂತೆ. ಕೋಟಿನ ಕೆಲಸ ಸಿರಿಲ್ ನನಗೆ ಕಲಿಸಿದ್ದರು. ನಾನು ಊರಲ್ಲಿ ರವಿಕೆ, ಸಮವಸ್ತ್ರ ಹೊಲಿಯುವವಳು. ಆದರೂ ಹೊರಟೆ.

ಸೋಮವಾರ ಬೆಳಿಗ್ಗೆ ಫಹಾಹೀಲಿಗೆ ಬಸ್ಸು ಹತ್ತಿದೆ. ಟಿಕೆಟ್ ಇನ್ನೂರೈವತ್ತು ಫಿಲ್ಸ್, ಪ್ರಯಾಣ ಒಂದು ಗಂಟೆಗೂ ಹೆಚ್ಚು. ಮಾರ್ಚ್ ತಿಂಗಳು, ಬಿಸಿಲು ಹಿತವಾಗಿತ್ತು. ದೂರದಲ್ಲಿ ಎಣ್ಣೆ ಕಾರ್ಖಾನೆಯ ಚಿಮಣಿಗಳು ಹಗಲಲ್ಲೇ ದೀಪ ಹಚ್ಚಿಕೊಂಡು ನಿಂತಿದ್ದವು. ಮಾರ್ಕೆಟಿನಲ್ಲಿ ಝುಬೈದಿ ಎಂದು ಕರೆಯುವ ಮೀನು ಕಂಡಿತು. ನಮ್ಮ ಮಾಂಜಿಯೇ! ತಡೆಯಲಾಗದೆ ಎರಡು ಕೊಂಡೆ.

"ಬನ್ನಿ ಬಾಯಮ್ಮ!" ಎಂದು ಹಮೀದ್ ಬ್ಯಾರಿ ಬಾಗಿಲಿಗೇ ಬಂದರು. ಬಂಟ್ವಾಳದವರು, ಬಟ್ಟೆ ಮಾರುವುದು ಅವರು, ಹೊಲಿಯುವುದು ಸಿರಿಲ್, ಹಾಗೆ ಇಬ್ಬರೂ ಸೇರಿ ನಡೆಸಿದ ಅಂಗಡಿ. "ಮೀನು ಮಾರ್ಕೆಟಿನ ಹತ್ರ ಅಂತ ಗುರುತು ಹೇಳಿದ್ರೆ ನೀವು ಮೀನು ಹಿಡ್ಕೊಂಡೇ ಬಂದಿದ್ದೀರಲ್ಲ ಮಾರಾಯ್ರೆ!"

"ಗುರುತು ತಪ್ಪಬಾರದು ಅಂತ," ಎಂದೆ. ಹನ್ನೊಂದು ತಿಂಗಳಲ್ಲಿ ನಾನು ತಮಾಷೆ ಮಾಡಿದ್ದು ಅದೇ ಮೊದಲು. ನನಗೇ ಆಶ್ಚರ್ಯವಾಯಿತು.

ಅವರು ಸಿರಿಲ್‌ರ ಅಳತೆ ಪುಸ್ತಕ ತೆಗೆದು ಕೊಟ್ಟರು. ಒಂದು ಪುಟದ ತಲೆಗೆ ಕನ್ನಡದಲ್ಲಿ "ಅಮೆರಿಕದ ಎಂಪಿ" ಎಂದಿತ್ತು. ಅಲ್ಲಿನ ಸಂಸತ್ತಿನ ಸದಸ್ಯರೊಬ್ಬರಿಗೆ ಸಿರಿಲ್ ಇಟ್ಟ ಹೆಸರು. ಕುವೈತ್ ಯುದ್ಧ ಮುಗಿದ ಮರುವರ್ಷ ಆ ಮನುಷ್ಯ ತಮ್ಮ ದೇಶದ ಸೈನಿಕರನ್ನು ನೋಡಲು ಬಂದಿದ್ದಾಗ ಕಾರಿನ ಬಾಗಿಲಿಗೆ ಸಿಕ್ಕಿ ಕೋಟಿನ ಜೇಬು ಹರಿಯಿತಂತೆ. ಸಿರಿಲ್ ಕಾಲು ಗಂಟೆಯಲ್ಲಿ ಹರಿದದ್ದು ಗೊತ್ತಾಗದಂತೆ ಹೊಲಿದುಕೊಟ್ಟರು. ಅಂದಿನಿಂದ ಅವರ ಕೋಟುಗಳೆಲ್ಲ ಇಲ್ಲಿಯವೇ. ಪ್ರತಿ ಭೇಟಿಯ ಅಳತೆಯ ಪಕ್ಕ ಒಂದು ಸಾಲು:

"ಸೊಂಟ 36. ಮತ್ತೆ ಗೆದ್ದರು."

"ಸೊಂಟ 40. ಕಮಿಟಿಗೆ ಅಧ್ಯಕ್ಷರು. ಔತಣ ಜಾಸ್ತಿ."

"ಸೊಂಟ 39. ಪಕ್ಷ ಸೋತಿತು, ಅಧ್ಯಕ್ಷಗಿರಿ ಹೋಯಿತು. ಇವರು ಗೆದ್ದರು."

"ಸೊಂಟ 35. ಹೆಂಡತಿ ತೀರಿಕೊಂಡರು. ಮಾತಾಡಿಸಲಿಲ್ಲ, ಚಹಾ ಕೊಟ್ಟೆ."

ಕೊನೆಯ ಪುಟದಲ್ಲಿ ಬರೀ ಅಂಕಿಗಳಿದ್ದವು. ಅಕ್ಷರಗಳು ನಡುಗಿದ್ದವು.

ಆಮೇಲೆ ಹಮೀದ್ ಬ್ಯಾರಿ ಕೋಟು ಇಳಿಸಿದರು. ಬೂದು ಉಣ್ಣೆ, ಒಳ್ಳೆಯ ಬಟ್ಟೆ. ತೋಳು, ಲೈನಿಂಗ್ ಆಗಬೇಕಿತ್ತು. ಮೇಜಿನ ಮೇಲೆ ಹರಡಿ ಟೇಪು ಹಿಡಿದೆ. ಎಡ ಭುಜ ಬಲಕ್ಕಿಂತ ಅರ್ಧ ಇಂಚು ಕೆಳಗಿತ್ತು. ಸಿರಿಲ್‌ರ ಕತ್ತರಿ ಎಂದೂ ಹಾಗೆ ಓರೆ ಹೋದದ್ದಿಲ್ಲ. ಕಾಯಿಲೆ ಅವರ ಕೈಯನ್ನು ಅಂಗಡಿಯಲ್ಲಿರುವಾಗಲೇ ಹಿಡಿದಿತ್ತು ಎಂದುಕೊಂಡೆ. ಅವರ ಕೊನೆಯ ಕೆಲಸದಲ್ಲಿ ಈ ತಪ್ಪನ್ನು ಯಾರೂ ನೋಡಬಾರದು, ಹಮೀದ್ ಬ್ಯಾರಿಯೂ ನೋಡಬಾರದು ಎನಿಸಿತು.

ಅವರು ಊಟಕ್ಕೆ ಹೋದಾಗ ಹೊಲಿಗೆ ಬಿಚ್ಚಿದೆ. ಒಳಗೆ ಸಿರಿಲ್‌ರ ಚಾಕ್ ಗೆರೆ ಓರೆಯಾಗಿ ಹೋಗಿತ್ತು. "ಕತ್ತರಿಸಬೇಡ, ಒಳಗೆ ಮಡಿಸು" ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ. ಆದ್ದರಿಂದ ಒಳಗೆ ಧಾರಾಳ ಬಟ್ಟೆ ಇತ್ತು. ಅದನ್ನು ಹೊರಗೆಳೆದು ಎರಡು ಭುಜವನ್ನೂ ಸಮ ಮಾಡಿದೆ. ಮಂಗಳವಾರ ತೋಳು, ಬುಧವಾರ ಲೈನಿಂಗ್. ದಿನವೂ ಹಮೀದ್ ಬ್ಯಾರಿ ಏಲಕ್ಕಿ ಚಹಾ ತರಿಸುತ್ತಿದ್ದರು, ಪೊರ್ಬುಗಳ ಕಥೆ ಹೇಳುತ್ತಿದ್ದರು. ನಮ್ಮ ಕಡೆ ಕ್ರೈಸ್ತ ಗಂಡಸರಿಗೆ ಹೇಳುವ ಹೆಸರು ಅದು, ಹೆಂಗಸರಿಗೆ ಬಾಯಮ್ಮ. ಅವರು ಸಿರಿಲ್‌ರನ್ನು ಬೇರೆ ಹೆಸರಲ್ಲಿ ಕರೆದದ್ದೇ ಇಲ್ಲ. "ಅಳತೆ ತೆಗೆಯುವಾಗ ನಿಮ್ಮ ಪೊರ್ಬು ಬಾಯಿ ಬಿಡುದಿಲ್ಲ ಬಾಯಮ್ಮ. ಅದೆಲ್ಲ ಸೇರಿಸಿ ಸಂಜೆ ನನ್ನ ತಲೆ ತಿನ್ನುದು!"

ಗುರುವಾರ ಹತ್ತು ಗಂಟೆಗೆ ಒಂದೇ ಕಾರು ಬಂದು ನಿಂತಿತು. ಎತ್ತರದ ಮುದುಕ, ಬಿಳಿ ಹುಬ್ಬು. ದಪ್ಪ ಚರ್ಮದ ಚೀಲವನ್ನು ತಾವೇ ಹೊತ್ತಿದ್ದರು.

"ನಮ್ಮೂರಿನ ಎಂಪಿಯಾದ್ರೆ ಚೀಲಕ್ಕೇ ಒಂದು ಕಾರು," ಎಂದು ಹಮೀದ್ ಬ್ಯಾರಿ ಪಿಸುಗುಟ್ಟಿದರು.

ಎಂಪಿ ಸಿರಿಲ್ ಎಲ್ಲಿ ಎಂದು ಕೇಳಿದರು. ನನ್ನ ಶಾಲೆಯ ಇಂಗ್ಲಿಷಿನಲ್ಲಿ ನಾನೇ ಹೇಳಿದೆ. ಅವರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಆಗ ನಾನು ಮಾತಾಡಿಸಲಿಲ್ಲ. ಚಹಾ ಕೊಟ್ಟೆ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು, ಕಣ್ಣು ಒರೆಸಿಕೊಂಡು ನಕ್ಕರು.

ಕೋಟು ತೊಡಿಸಿದೆ. ಎಡಗಡೆ ಕಾಲರಿನ ಕೆಳಗೆ ಬಟ್ಟೆ ಸುಕ್ಕಾಗಿ ನಿಂತಿತು. ಕೆಳಗೆ ಎಡ ಅಂಚು ಜೋತುಬಿತ್ತು. ಎಳೆದೆ, ಸವರಿದೆ, ಸರಿಯಾಗಲಿಲ್ಲ. ಹಿಂದೆ ಸರಿದು ನಿಂತು ನೋಡಿದಾಗ ಕಂಡಿತು: ಕೋಟು ನೆಟ್ಟಗಿತ್ತು, ಅವರ ಎಡ ಭುಜ ಇಳಿದಿತ್ತು.

"ಎಂತ ಬಾಯಮ್ಮ, ಕೋಟು ಓರೆಯಾ, ಎಂಪಿ ಓರೆಯಾ?"

"ಎಂಪಿಯೇ ಓರೆ. ಕೋಟನ್ನು ನಾನು ನೆಟ್ಟಗೆ ಮಾಡಿ ಹಾಳುಮಾಡಿದೆ."

ಎಂಪಿಗೆ ಅರ್ಥ ಹೇಳಲೇಬೇಕಾಯಿತು. ಅವರು ಹೊಟ್ಟೆ ಹಿಡಿದು ನಕ್ಕರು. ಮೂವತ್ತೆರಡು ವರ್ಷ ಎದುರು ಪಕ್ಷದವರು ಹೇಳಿದ್ದೂ ಅದನ್ನೇ ಅಂತೆ.

ಒಂದು ಗಂಟೆ ಕೊಡಿ ಎಂದೆ. ಅವರು ಅಲ್ಲೇ ಕುಳಿತು ಎರಡನೆಯ ಚಹಾ ಕುಡಿಯುತ್ತ ಮಾತಾಡಿದರು. ಹಮೀದ್ ಬ್ಯಾರಿ ಕನ್ನಡಕ್ಕೆ ತಂದರು. ಜೋಳ ಬೆಳೆಯುವ ಊರಿನ ಮೇಷ್ಟ್ರಾಗಿದ್ದರು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಗೆದ್ದರು, ಆಮೇಲೆ ಸೋಲಲೇ ಇಲ್ಲ. ಯುದ್ಧದಲ್ಲಿ ಉರಿದ ಇಲ್ಲಿನ ಎಣ್ಣೆಬಾವಿಗಳ ಹೊಗೆ ಕುಡಿದು ಕಾಯಿಲೆಬಿದ್ದ ಸೈನಿಕರಿಗೆ ಚಿಕಿತ್ಸೆ ಸಿಗಬೇಕೆಂದು ಮಸೂದೆ ತಂದರು. ಆರು ಸಲ ಬಿತ್ತು, ಏಳನೆಯ ಸಲ ಪಾಸಾಯಿತು. ಚೀಲದಲ್ಲಿರುವುದು ಊರಿನವರ ಕಾಗದಗಳು. ಅವನ್ನು ಬೇರೆಯವರ ಕೈಗೆ ಕೊಟ್ಟರೆ ಓದುವುದು ಮರೆತುಹೋಗುತ್ತದೆ ಎಂದು ತಾವೇ ಹೊರುತ್ತಾರೆ. ಯಾವ ಭುಜದ ಮೇಲೆ ಎಂದು ನಾನು ಕೇಳಬೇಕಾಗಲಿಲ್ಲ.

ಹೊಲಿಗೆ ಬಿಚ್ಚಿದಾಗ ಆ ಚಾಕ್ ಗೆರೆ ಇನ್ನೂ ಇತ್ತು. ಸೋಮವಾರ ನನಗೆ ಅದರ ಓರೆ ಮಾತ್ರ ಕಂಡಿತ್ತು. ಈಗ ಬೆಳಕಿಗೆ ಹಿಡಿದು ನೋಡಿದೆ. ಕತ್ತಿನಿಂದ ತೋಳಿನವರೆಗೆ ಒಂದೇ ಎಳೆತ. ಎಲ್ಲೂ ತಡವರಿಸಿರಲಿಲ್ಲ. ಪುಸ್ತಕದಲ್ಲಿ ಅಕ್ಷರ ನಡುಗಿದ್ದ ಕೈ ಬಟ್ಟೆಯ ಮೇಲೆ ನಡುಗಿರಲಿಲ್ಲ. ಅದೇ ಗೆರೆಯ ಮೇಲೆ ಹೊಲಿದೆ.

ಎರಡನೆಯ ಸಲ ತೊಡಿಸಿದಾಗ ಕೋಟು ಅವರ ಬೆನ್ನಿಗೆ ನೀರಿನ ಹಾಗೆ ಕುಳಿತಿತು. ಹಮೀದ್ ಬ್ಯಾರಿ, "ಖಲಾಸ್!" ಎಂದು ಮೇಜಿಗೆ ಗುದ್ದಿದರು. ಸಂಸತ್ತಿನಲ್ಲಿ ನನ್ನ ಕೊನೆಯ ದಿನ ಇದನ್ನೇ ತೊಡುತ್ತೇನೆ ಎಂದು ಎಂಪಿ ಕೈ ಮುಗಿದರು. ಅದು ಯಾರು ಕಲಿಸಿದ್ದೋ! ಆಮೇಲೆ ಚೀಲವನ್ನು ಎಡ ಭುಜಕ್ಕೆ ಏರಿಸಿಕೊಂಡು ಹೊರಟರು. ಹಿಂದಿನಿಂದ ನೋಡಿದೆ. ಅಂಚು ಎರಡೂ ಕಡೆ ಸಮ.

ಅಳತೆ ಪುಸ್ತಕವನ್ನು ಹಮೀದ್ ಬ್ಯಾರಿ ನನಗೇ ಕೊಟ್ಟರು. ಫರ್ವಾನಿಯಾದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತೆ. ಅವರು ಅಂಗಡಿ ಬಾಗಿಲಲ್ಲಿ ನಿಂತು ಟೇಪನ್ನು ಬಾವುಟದಂತೆ ಬೀಸುತ್ತಿದ್ದರು, ತಿರುವಿನಲ್ಲಿ ಮರೆಯಾದರು. ನಾನು ಪೆನ್ನು ತೆಗೆದು ಕೊನೆಯ ಪುಟದ ಅಂಕಿಗಳ ಪಕ್ಕ ಬರೆದೆ: "ಎಡ ಭುಜ ಅರ್ಧ ಇಂಚು ಇಳಿದಿದೆ. ಸಿರಿಲ್ ಸರಿಯಾಗಿಯೇ ಕತ್ತರಿಸಿದ್ದರು."

ಬಸ್ಸಿನ ಕುಲುಕಾಟಕ್ಕೆ ನನ್ನ ಅಕ್ಷರ ಅವರದಕ್ಕಿಂತ ಹೆಚ್ಚು ನಡುಗಿತ್ತು.