ಗಡಿ ದಾಟಿಸಿದ ಹೇಂಟೆ

ಕೇಳಿ ಮಾರಾಯ್ರೆ, ಇವತ್ತು ಶೆಟಗೇರಿಯಲ್ಲಿ ಶಾಲೆ ಮಾಸ್ತರನಾದ ನಾನು ಸೋತೆ. ನಮ್ಮೂರ ಕೋಳಿಗಳ ಶೀತ ಈಗ ಬಾತುಕೋಳಿಗಳಿಗೂ ಹತ್ತಿದೆ. ಕಾರವಾರದ ದನದ ಡಾಕ್ಟರು ಮೊನ್ನೆಯೇ ಹೇಳಿ ಹೋಗಿದ್ದರು: "ಹಂದಿಯ ಇನ್‌ಫ್ಲುಯೆಂಜಾ ಮನುಷ್ಯರದ್ದಕ್ಕೆ ದಾಯಾದಿಯಂತೆ, ವಿಲಾಯತಿಯವರು ಬರೆದಿದ್ದಾರೆ. ಕೋಳಿಯದ್ದೂ ಮನುಷ್ಯರಿಗೆ ಹತ್ತೀತು, ಯಾರಿಗೆ ಗೊತ್ತು; ಬೇನೆಯ ಕೋಳಿಗಳನ್ನು ಕೊಂದು ಸುಟ್ಟುಬಿಡಿ."

ಬೆಳಿಗ್ಗೆ ನೋಡಿದರೆ ನೆರೆಮನೆಯ ಸುಕ್ರಿ, ಕಾಲಿಗೆ ಗುರುತಿನ ಕೆಂಪು ದಾರ ಕಟ್ಟಿದ್ದ ತನ್ನ ಗೊರಗುಟ್ಟುವ ಹೇಂಟೆಯನ್ನು ಬುಟ್ಟಿಯಲ್ಲಿಟ್ಟು ಹೊರಟಿದ್ದಾಳೆ. ಬೇನೆಯ ಕೋಳಿಯನ್ನು ಊರ ಗಡಿಯಾಚೆ ಬಿಟ್ಟರೆ ಬೇನೆಯೂ ಅದರ ಹಿಂದೆ ಹೋಗುತ್ತದೆ ಎಂಬುದು ಇಲ್ಲಿಯ ಪದ್ಧತಿ.

"ಡಾಕ್ಟರು ಹೇಳಿದ್ದೇ ನಿಜ ಕಣೇ, ಇದು ಮನುಷ್ಯರಿಗೂ ಹತ್ತುತ್ತದೆ. ಆ ದಾರಿ ಹೋಗುವುದು ಬೊಬ್ರುವಾಡಕ್ಕೆ. ನಿನ್ನ ಮಗಳನ್ನು ಕೊಟ್ಟ ಊರಲ್ಲವೇನೇ?" ಎಂದೆ.

"ಅವಳ ಮನೆ ಗಡಿಯಿಂದ ದೂರ ಅದೆ, ಮಾಸ್ತರ್ರೇ," ಎಂದು ಹೋಗಿಯೇಬಿಟ್ಟಳು.

ಸಂಜೆ ಆ ಮಗಳೇ ತವರಿಗೆ ಬಂದಳು. "ಅವ್ವೀ, ನಿನ್ನ ಹೇಂಟೆ ದಾರಿ ತಪ್ಪಿತ್ತು. ಕಾಲಿನ ಕೆಂಪು ದಾರ ನೋಡಿ ಹಿಡ್ಕಂಡು ಬಂದೆ," ಎಂದಳು. ಅವಳ ಕಂಕುಳಲ್ಲಿದ್ದ ಕೂಸು ಆ ಹೇಂಟೆಯನ್ನು ಕೆನ್ನೆಗೆ ಒತ್ತಿಕೊಂಡಿತ್ತು.

ಸುಕ್ರಿ ನನ್ನ ಮುಖ ನೋಡಿದಳು.

ಬೆಳಿಗ್ಗೆ ಡಾಕ್ಟರ ಮಾತೇ ನಿಜವೆಂದು ವಾದಿಸಿದವನು ನಾನು. ಈಗ ಅದು ಸುಳ್ಳಾಗಲೆಂದು ಸುಕ್ರಿಯ ದೇವರಿಗೇ ಕಾಯಿ ಹರಕೆ ಹೇಳಿ ಬಂದಿದ್ದೇನೆ.