ದೊಡ್ಡ ನಾಯಿಗಳ ಬಾಯಮ್ಮ

ಅವರ ನೈಟಿಯ ಎಡಬದಿಯಲ್ಲಿ, ಸೊಂಟದ ಹತ್ತಿರ, ಯಾವಾಗ ನೋಡಿದರೂ ಅಂಗೈಯಗಲದ ಒಂದು ಒದ್ದೆ ಗುರುತು ಇರುತ್ತಿತ್ತು. ಗ್ರೇಟ್ ಡೇನ್ ನಾಯಿ ಪಕ್ಕದಲ್ಲಿ ನಿಂತರೆ ಅದರ ಬಾಯಿ ಸರಿಯಾಗಿ ಆ ಎತ್ತರಕ್ಕೆ ಬರುತ್ತದೆ. ಪ್ರೀತಿ ಬಂದಾಗ ಅದು ಮನುಷ್ಯರ ಮೈಗೆ ಒರಗಿ ನಿಲ್ಲುತ್ತದೆ. ಸಂತೆಕಟ್ಟೆಯ ಬಾಯಮ್ಮ ದಿನವಿಡೀ ಹಾಗೆ ಒರಗಿಸಿಕೊಂಡೇ ಅಡುಗೆ ಮಾಡುತ್ತಿದ್ದರು, ಬಟ್ಟೆ ಒಣಗಿಸುತ್ತಿದ್ದರು, ಗೇಟಿನಲ್ಲಿ ಮೀನಿನವರೊಡನೆ ಚೌಕಾಸಿ ಮಾಡುತ್ತಿದ್ದರು.

ಕುವೈತಿನಲ್ಲಿ ನರ್ಸ್ ಆಗಿದ್ದು ಊರಿಗೆ ಮರಳಿದವರು; ಗ್ರೇಟ್ ಡೇನ್ ಸಾಕಿ, ಮರಿ ಹಾಕಿಸಿ, ಬೇಕಾದವರಿಗೆ ಕೊಡುತ್ತಿದ್ದರು. ನಾಯಿಗಳಿಗೆ ಕೊಂಕಣಿಯಲ್ಲಿ ಬೈಯುತ್ತಿದ್ದರು, ನಮಗೆ ಕನ್ನಡದಲ್ಲಿ. ನಮ್ಮ ಕಡೆ ಹಿರಿಯ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಎಲ್ಲರೂ ಬಾಯಮ್ಮ ಎನ್ನುತ್ತಿದ್ದರು; ನಾನೂ ಹಾಗೆಯೇ ಕರೆದೆ.

ಮೊದಲ ಸಲ ಅವರಲ್ಲಿಗೆ ಹೋದಾಗ ನಾನು ಸಂಕಟದಲ್ಲಿದ್ದೆ. ಮಣಿಪಾಲದ ನಮ್ಮ ಮನೆಯಲ್ಲಿದ್ದ ಗ್ರೇಟ್ ಡೇನ್ ಒಂದು ಬೆಳಿಗ್ಗೆ ಅಂಗಳದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದಾಗ ಬಿದ್ದದ್ದು ಮತ್ತೆ ಏಳಲಿಲ್ಲ. ಅದಕ್ಕಿನ್ನೂ ಮೂರು ವರ್ಷ ತುಂಬಿರಲಿಲ್ಲ. ಹೃದಯದ ಕಾಯಿಲೆ, ವಂಶದಲ್ಲೇ ಇದ್ದಿರಬಹುದು ಎಂದರು ಡಾಕ್ಟರು.

"ಅದರ ತಾಯಿಯನ್ನು ನೋಡಿದ್ರಾ?" ಎಂದು ಬಾಯಮ್ಮ ಕೇಳಿದರು.

"ಇಲ್ಲ. ಮಾರಿದವರು ಮರಿಯನ್ನು ಹೆದ್ದಾರಿ ಬದಿಗೆ ಕಾರಿನಲ್ಲಿ ತಂದು ಕೊಟ್ಟರು."

ಅವರು ಒಳಗಿನಿಂದ ಚಹಾ ತಂದಿಟ್ಟು, "ಹೆಸರು ಎಂತ ಇಟ್ಟಿದ್ರಿ?" ಎಂದರು. ಹೆಸರು ಹೇಳುವಾಗ ನನಗೆ ಅಳು ಬಂತು. ಆರಿದ ಚಹಾ ತೆಗೆದು ಅವರು ಬೇರೆ ಬಿಸಿ ಚಹಾ ತಂದಿಟ್ಟರು.

ಮರುವಾರ ತಾವೇ ನಮ್ಮ ಮನೆಗೆ ಬಂದರು. ಮೆಟ್ಟಿಲು ನೋಡಿದರು, ನುಣ್ಣನೆಯ ಟೈಲ್ಸಿನ ಮೇಲೆ ಕಾಲು ಜಾರಿಸಿ ನೋಡಿದರು. ನಮ್ಮ ಅತ್ತೆಯ ಹತ್ತಿರ, "ಅಷ್ಟು ದೊಡ್ಡ ಪ್ರಾಣಿ ಒರಗಿದ್ರೆ ನೀವು ಬೀಳ್ತೀರಿ ಅಲ್ವಾ?" ಎಂದು ಕೇಳಿದರು.

"ಹಿಂದಿನದ್ದೂ ಒರಗ್ತಿತ್ತು. ನಾನು ಗೋಡೆ ಹಿಡ್ಕೊಂಡು ನಿಲ್ತಿದ್ದೆ," ಎಂದರು ಅತ್ತೆ.

ಆ ಉತ್ತರ ಬಾಯಮ್ಮನಿಗೆ ಹಿಡಿಸಿತು. ಮರಿಗಾಗಿ ಕಾಯುತ್ತಿದ್ದವರಲ್ಲಿ ನಮ್ಮನ್ನೂ ಸೇರಿಸಿಕೊಂಡರು.

ಆಗ ಅವರಲ್ಲಿ ಹೊಂಬಣ್ಣದ ಒಂದು ಹೆಣ್ಣು ನಾಯಿಯಿತ್ತು. ರಸ್ತೆಯಲ್ಲಿ ನಡೆದರೆ ಬೈಕಿನವರು ನಿಲ್ಲಿಸಿ ನೋಡುವಷ್ಟು ಚಂದ. ಎರಡು ವರ್ಷ ತುಂಬುವ ತನಕ ಅದನ್ನು ಗಂಡಿನ ಹತ್ತಿರ ಬಿಟ್ಟಿರಲಿಲ್ಲ. ತುಂಬಿದ ಮೇಲೆ ಮಂಗಳೂರಿಗೆ ಕರೆದುಕೊಂಡು ಹೋಗಿ ಸೊಂಟದ ಎಕ್ಸ್‌ರೇ, ಹೃದಯದ ಸ್ಕ್ಯಾನ್ ಮಾಡಿಸಿದರು. ಸೊಂಟ ಸರಿಯಿತ್ತು. ಹೃದಯ ಸ್ವಲ್ಪ ದುರ್ಬಲವಾಗಿತ್ತು. ಮರಿಗಳಿಗೂ ಬರಬಹುದು ಎಂದರಂತೆ ಡಾಕ್ಟರು. ಬಾಯಮ್ಮ ನಮ್ಮನ್ನೆಲ್ಲ ಮನೆಗೆ ಕರೆದು, ಇವಳಿಂದ ಮರಿ ಹಾಕಿಸುವುದಿಲ್ಲ ಎಂದು ಹೇಳಿಬಿಟ್ಟರು.

ಕಾರ್ಕಳದ ಕಂಟ್ರಾಕ್ಟರೊಬ್ಬರು ನಮ್ಮ ಹಾಗೆಯೇ ಕಾದಿದ್ದವರು. ಅವರಿಗೆ ತಡೆಯಲಾಗಲಿಲ್ಲ. "ಬರಬಹುದು ಅಂತ ಹೇಳಿದ್ದು ಬಾಯಮ್ಮ, ಬರ್ತದೆ ಅಂತ ಅಲ್ಲ. ಇಷ್ಟು ಚಂದದ ನಾಯಿ ಉಡುಪಿಯಲ್ಲಿ ಬೇರೆ ಉಂಟಾ? ನನಗೊಂದು ಮರಿ ಕೊಡಿ, ಆದದ್ದು ಆಗಲಿ."

"ಆಗುವುದು ನಿಮಗಲ್ಲ, ಮರಿಗೆ," ಎಂದರು ಬಾಯಮ್ಮ. ನನ್ನ ಕಡೆ ನೋಡಿದರು. "ಈ ಟೀಚರಿಗೆ ಮರಿ ಕೊಟ್ಟವರು ಗೊತ್ತಿಲ್ಲದೆ ಕೊಟ್ಟಿರಬಹುದು. ನನಗೆ ಗೊತ್ತುಂಟು. ಗೊತ್ತಿದ್ದು ಹೇಗೆ ಕೊಡುವುದು?"

ಕಂಟ್ರಾಕ್ಟರ್ ಕಾರಿನ ಬಾಗಿಲು ದಡಾರನೆ ಹಾಕಿಕೊಂಡು ಹೋದರು. ಎಲ್ಲರೂ ಹೊರಟ ಮೇಲೆ ಬಾಯಮ್ಮ ಹಿಂದಿನ ಜಗಲಿಯಲ್ಲಿ ಕುಳಿತು ಆ ನಾಯಿಯ ಕಿವಿ ಸವರುತ್ತಾ, "ಇವಳ ಮರಿ ನೋಡುವ ಆಸೆ ನನಗೆ ನಿಮ್ಮೆಲ್ಲರಿಗಿಂತ ಹೆಚ್ಚು ಇತ್ತು ಮಾರಾಯ್ರೆ," ಎಂದರು. ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಅದನ್ನು ಮನೆಯಲ್ಲೇ ಇಟ್ಟುಕೊಂಡರು. ದಿನಾ ಬನ್ಸ್ ತುಂಡಿನೊಳಗೆ ಹೃದಯದ ಮಾತ್ರೆ ಅಡಗಿಸಿ ತಿನ್ನಿಸುತ್ತಿದ್ದರು.

ಮತ್ತೆ ಮೊದಲಿನಿಂದ ಶುರು ಮಾಡಿದರು. ಕಾಪುವಿನ ಒಂದು ಮನೆಯಲ್ಲಿ ಮೂತಿ ಬೆಳ್ಳಗಾದ ಮುದಿ ಗ್ರೇಟ್ ಡೇನ್ ಈಗಲೂ ತಾನೇ ಎದ್ದು ಗೇಟಿಗೆ ಬರುತ್ತದೆ ಎಂದು ಕೇಳಿ, ಹೋಗಿ ಅದರ ಮೊಮ್ಮಗಳನ್ನು ತಂದರು. ನೋಡಲು ಸಾಧಾರಣ ನಾಯಿ. ನಾನು ಮುಖ ಸಣ್ಣದು ಮಾಡಿದ್ದು ಕಂಡಿತೋ ಏನೋ, "ಚಂದ ಆಮೇಲೆ ನೋಡುವ. ಮೊದಲು ಅಜ್ಜಿಯ ಆಯಸ್ಸು ನೋಡುವ," ಎಂದರು.

ಅದು ಬೆಳೆದು, ಪರೀಕ್ಷೆಗಳೆಲ್ಲ ಮುಗಿದು, ಮರಿ ಹಾಕಿದಾಗ ನಮಗೊಂದು ಕಪ್ಪು ಹೆಣ್ಣು ಮರಿ ಸಿಕ್ಕಿತು. ಜೊತೆಗೆ ಆಜ್ಞೆಗಳೂ ಬಂದವು: ಮೆಟ್ಟಿಲಿನಿಂದ ಹಾರಿಸಬಾರದು, ಊಟವಾದ ಕೂಡಲೇ ಓಡಿಸಬಾರದು, ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ ಅವರಿಗೇ ಮರಳಿಸಬೇಕು. "ಬೇಗ ದೊಡ್ಡದಾಗಲಿ ಅಂತ ತುಂಬಿಸಬೇಡಿ ಟೀಚರ್. ಎಲುಬು ನಿಧಾನ ಬೆಳೀಲಿ."

ಆ ಹೊತ್ತಿಗೆ ಕಾರ್ಕಳದ ಕಂಟ್ರಾಕ್ಟರ್ ಬೇರೆ ಎಲ್ಲಿಂದಲೋ ಮರಿ ತಂದಿದ್ದರು. ವರ್ಷ ತುಂಬುವ ಮೊದಲೇ ಅದಕ್ಕೆ ಹಿಂಗಾಲಿನ ಮೇಲೆ ಏಳುವುದು ಕಷ್ಟವಾಗಿ, ಒಂದು ದಿನ ಅದನ್ನು ಎತ್ತಿಕೊಂಡು ಬಾಯಮ್ಮನ ಗೇಟಿನ ಮುಂದೆ ನಿಂತರು. ಬಾಯಮ್ಮ ಹಳೆಯ ಮಾತು ಎತ್ತಲೇ ಇಲ್ಲ. ಡಾಕ್ಟರಲ್ಲಿಗೆ ತಾವೂ ಜೊತೆಗೆ ಹೋದರು, ಅವರ ಮನೆಯ ಗ್ರಾನೈಟ್ ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಿಸಿದರು, ಕಾಲು ನೀವುವುದನ್ನು ಕಲಿಸಿದರು. ಆ ನಾಯಿ ಓಡಲಿಲ್ಲ. ಆದರೆ ಇದ್ದಷ್ಟು ಕಾಲ ಅಂಗಳದಲ್ಲಿ ತನ್ನ ಕಾಲಿನಲ್ಲೇ ನಡೆಯಿತು.

ನಮ್ಮ ಕಪ್ಪು ನಾಯಿಯ ಸ್ಕ್ಯಾನ್ ಚೆನ್ನಾಗಿ ಬಂದು ಅದು ಮರಿ ಹಾಕುವ ಹೊತ್ತಿಗೆ ಬಾಯಮ್ಮ ಹಾಸಿಗೆ ಹಿಡಿದಿದ್ದರು. ತಾಯಿಯನ್ನೂ ಮರಿಗಳನ್ನೂ ಕಾರಿನಲ್ಲಿ ಕರೆದೊಯ್ದೆವು. ಅವರು ಕೈ ತೊಳೆಸಿಕೊಂಡು, ಕಿರುಬೆರಳನ್ನು ಒಂದು ಮರಿಯ ಬಾಯೊಳಗೆ ಇಟ್ಟು ಮೆಲ್ಲಗೆ ಸವರಿದರು.

"ಅಂಗುಳ ಸೀಳಿಲ್ಲ. ಸರಿ ಉಂಟು. ಮುಂದಿನದ್ದು ಕೊಡಿ."

ಒಂದನ್ನೂ ಬಿಡದೆ ನೋಡಿದರು. ಆ ಮರಿಗಳು ಕಣ್ಣು ತೆರೆಯುವ ಮೊದಲೇ ಅವರು ತೀರಿಕೊಂಡರು.

ಅವುಗಳಲ್ಲಿ ಒಂದು ಹೆಣ್ಣು ಮರಿ ಕಾರ್ಕಳಕ್ಕೆ ಹೋಯಿತು. ಕಳೆದ ತಿಂಗಳು ಕಂಟ್ರಾಕ್ಟರ್ ಫೋನ್ ಮಾಡಿದ್ದರು. ಅವರ ನಾಯಿಯಿಂದ ಮರಿ ಹಾಕಿಸಿ ಕೊಡಿ ಎಂದು ಯಾರೋ ದೊಡ್ಡ ಮನುಷ್ಯರು ಮನೆಗೆ ಬಂದು ಕೇಳಿದರಂತೆ.

"ಎರಡು ವರ್ಷ ತುಂಬಲಿ, ಸ್ಕ್ಯಾನ್ ಆಗಲಿ, ಆಮೇಲೆ ಮಾತಾಡುವ ಅಂತ ಹೇಳಿ ಕಳಿಸಿದೆ ಟೀಚರ್," ಎಂದರು. ಫೋನ್ ಇಡುವ ಮೊದಲು ಹೇಳಿದರು: "ಅವರಿಗೆ ಸಿಟ್ಟು ಬಂತು. ಬರಲಿ."