ಪರಮೇಶ್ವರಿ ಮೇಡಂ ಮತ್ತು ಶಫೀಕನ ಪಾಸ್‌ಪೋರ್ಟ್

ಪರಮೇಶ್ವರಿ ಮೇಡಂ ನಮ್ಮ ಕಾನೂನು ಕಾಲೇಜಿನ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕ್ಲಿನಿಕ್‌ನ ನಿರ್ದೇಶಕಿ. ಕೆಲಸ ಕಷ್ಟದಲ್ಲಿದ್ದವರಿಗೆ ಪುಕ್ಕಟೆ ಕಾನೂನು ಸಹಾಯ. ಹೆಸರು ಇಷ್ಟುದ್ದ, ಜಾಗ ಮಾತ್ರ ಪುತ್ತೂರಿನ ದರ್ಬೆಯಲ್ಲಿ ಒಂದು ಬೇಕರಿಯ ಮಾಳಿಗೆ. ವಿಶ್ವವಿದ್ಯಾನಿಲಯದವರು ಕೊಟ್ಟದ್ದು ಒಂದು ಮೇಜು, ನಾಲ್ಕಾರು ಕುರ್ಚಿ. ಬನ್ನಿನ ಪರಿಮಳ ಉಚಿತ. ನಾನು ಅದೇ ಕಾಲೇಜಿನಲ್ಲಿ ಆಸ್ತಿ ಕಾನೂನು ಪಾಠ ಮಾಡುವ, ಬಿಡುವಾದಾಗ ಈ ಮಾಳಿಗೆ ಹತ್ತುವ ತಿರುಮಲೇಶ್ವರ. ಮಕ್ಕಳು ನನ್ನನ್ನು ಮುಂಗೋಪಿ ಅನ್ನುತ್ತಾರಂತೆ. ಅನ್ನಲಿ.

ಮೇಡಂ ಇಲ್ಲೇ ಹತ್ತಿರದ ಪಂಜದವರು. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಕಕ್ಷಿದಾರರು ಬ್ಯಾರಿ ಮುಸ್ಲಿಮರಾದರೆ ಬ್ಯಾರಿ ಭಾಷೆ. ಹಾಲೆಂಡಿನಲ್ಲಿ ಓದಿ, ಜಿನೇವಾದ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿ ವಾಪಸು ಬಂದವರು. “ಅಲ್ಲಿ ನಿಮಗೆ ಎಂತ ಕಮ್ಮಿ ಆಗಿತ್ತು ಮಾರಾಯ್ರೆ?” ಎಂದು ಒಮ್ಮೆ ಕೇಳಿದ್ದೆ.

“ಎಲ್ಲ ಇತ್ತು ಸರ್. ದೂರು ಕೊಡುವವರು ಮಾತ್ರ ಇರ್ಲಿಲ್ಲ. ನಮ್ಮ ಊರಿನವರಿಗೆ ಬಾಯಿ ಬಿಡ್ಲಿಕ್ಕೇ ದಾಕ್ಷಿಣ್ಯ.”

ಆ ದಾಕ್ಷಿಣ್ಯದ ಪೂರ್ಣಾವತಾರವನ್ನು ನಾನು ಕಂಡದ್ದು ಇಲ್ಲೇ ಸವಣೂರಿನ ಶಹನಾ ತಂದ ಕೇಸಿನಲ್ಲಿ. ಹುಡುಗಿ ಕುರ್ಚಿಯಲ್ಲಿ ಕೂರುವ ಮೊದಲೇ ವಿಷಯಕ್ಕೆ ಬಂದಳು. “ಮೇಡಂ, ಬರುವ ತಿಂಗಳು ನನ್ನ ಮದುವೆ. ಮದುಮಗ ಗಲ್ಫಿನಲ್ಲಿ, ಅವರ ಪಾಸ್‌ಪೋರ್ಟ್ ಕಂಪೆನಿಯವರ ಕಪಾಟಿನಲ್ಲಿ. ಫೋನಿನಲ್ಲೇ ನಿಕಾಹ್ ಮುಗಿಸುವ ಅಂತ ಹಿರಿಯರು ಹೇಳ್ತಾರೆ. ಮೊಬೈಲನ್ನು ನಾನು ಮದುವೆ ಆಗುದಿಲ್ಲ. ಅವರು ಬರದಿದ್ದರೆ ಈ ಸಂಬಂಧವೇ ಬೇಡ.”

ಹಿಂದೆ ನಿಂತಿದ್ದವರು ಮದುಮಗ ಶಫೀಕನ ತಾಯಿ ಝೈನಬ. ಇಷ್ಟೊಳ್ಳೆ ಸೊಸೆ ಕೈತಪ್ಪಿ ಹೋಗುತ್ತಾಳಲ್ಲ ಎಂಬ ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು.

ಕ್ಲಿನಿಕ್‌ನ ವಿದ್ಯಾರ್ಥಿ ಸಂಪ್ರೀತನಿಗೆ ಹುರುಪು ಬಂತು. ಮರುದಿನಕ್ಕೆ ಜಿನೇವಾಕ್ಕೆ ಒಂದು ದೂರು ತಯಾರು, ಅಂತರರಾಷ್ಟ್ರೀಯ ಒಪ್ಪಂದಗಳ ಹೆಸರು ಒಂದೂ ಬಿಟ್ಟಿರಲಿಲ್ಲ. ಮೇಡಂ ಓದಿ, “ಚಂದ ಉಂಟು. ಆದರೆ ಪಾಸ್‌ಪೋರ್ಟ್ ವಾಪಸು ಕೊಡಿ ಅಂತ ಆ ಹುಡುಗ ಕೇಳಿದ್ದಾನಾ?” ಎಂದರು.

ಪುನಃ ಬಂದಿದ್ದ ಶಹನಾ ಅಲ್ಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಆಚೆಯಿಂದ ಶಫೀಕನ ಸಣ್ಣ ಸ್ವರ.

“ಕೇಳುದು ಹೇಗೆ ಮೇಡಂ? ಮ್ಯಾನೇಜರ್ ಪುತ್ತೂರಿನವರೇ. ನಮ್ಮವರಲ್ವಾ ಅಂತ ನಾನೇ ಅವರ ಕೈಯಲ್ಲಿ ಕೊಟ್ಟದ್ದು. ಊರಿಗೆ ಹೋಗ್ಲಿಕ್ಕುಂಟು ಅಂದೆ, ನೋಡುವ ಅಂದ್ರು. ಇನ್ನು ಪಾಸ್‌ಪೋರ್ಟ್ ಕೊಡಿ ಅಂತ ಕೇಳಿದ್ರೆ ಅವರಿಗೆ ಬೇಸರ ಆಗ್ತದೆ.”

“ನನಗೆ ಬೇಸರ ಆದ್ರೆ ಅಡ್ಡಿ ಇಲ್ವಾ?” ಎಂದಳು ಶಹನಾ.

ನನಗೆ ತಲೆ ಕೆಟ್ಟಿತು. ಕೆಲಸಗಾರನ ಪಾಸ್‌ಪೋರ್ಟ್ ಹಿಡಿದಿಡುವುದು ಆ ದೇಶದ ಕಾನೂನಿನಲ್ಲೂ ತಪ್ಪು. ಆದರೆ ಕೇಳಿಯೇ ಇಲ್ಲ ಅಂದರೆ, ಕೊಡಲಿಲ್ಲ ಎಂದು ದೂರುವುದು ಹೇಗೆ?

ಇಂಥ ಹೊತ್ತಿಗೆ ಮೇಡಂ ಹತ್ತಿರ ಒಂದು ಮದ್ದುಂಟು, ತಾಲೀಮು. ಧಣಿಯ ಪಾತ್ರ ಯಾರಾದರೂ ಮಾಡಬೇಕು, ಕಕ್ಷಿದಾರ ಅವನೆದುರು ಬಾಯಿಬಿಟ್ಟು ಕೇಳಬೇಕು.

“ತಿರುಮಲೇಶ್ವರ ಸರ್, ಇವತ್ತು ನೀವು ಮ್ಯಾನೇಜರ್. ನಿಮಗೆ ಕಷ್ಟ ಆಗ್ಲಿಕ್ಕಿಲ್ಲ.”

ಮಕ್ಕಳೆಲ್ಲ ಕಿಸಕ್ಕೆಂದರು. ನಾನು ಫೋನು ತೆಗೆದುಕೊಂಡು ಶುರು ಮಾಡಿದೆ. “ಎಂತದಾ ಶಫೀಕ್, ತಮ್ಮನ ಹಾಗೆ ನೋಡಿಕೊಂಡದ್ದಕ್ಕೆ ಇದಾ? ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ?”

“ಅಯ್ಯೋ, ಹಾಗಲ್ಲ ಸರ್. ತಪ್ಪಾಯ್ತು ಸರ್.”

ಸೋತ. ಮತ್ತೊಮ್ಮೆ ಮಾಡಿಸಿದೆವು, ಆಗಲೂ ಸೋತ. ಗದರಿದರೆ ಹೇಗೋ ನಿಲ್ಲುತ್ತಿದ್ದ, ಪ್ರೀತಿಯ ಮಾತಾಡಿದರೆ ಕರಗಿ ನೀರಾಗುತ್ತಿದ್ದ. ಶಹನಾ ಫೋನಿನ ಹತ್ತಿರ ಬಾಗಿ, “ನಾನು ಇಲ್ಲೇ ಇದ್ದೇನೆ, ಹೇಳಿ” ಎಂದಳು. ಈ ಸಲ ಶಫೀಕನ ಸ್ವರ ಸಣ್ಣದಿರಲಿಲ್ಲ.

“ಸರ್, ನಿಮ್ಮ ಮೇಲೆ ಮರ್ಯಾದೆ ಉಂಟು. ಪಾಸ್‌ಪೋರ್ಟ್ ನನ್ನದು. ಕೊಡಿ.”

ಮ್ಯಾನೇಜರ್ ಆದ ನಾನು ಫೋನನ್ನು ಶಹನಾಳ ಕೈಗೆ ಕೊಟ್ಟೆ.

ಮರುದಿನ ಶಫೀಕ್ ನಿಜವಾದ ಮ್ಯಾನೇಜರಿಗೆ ಅದನ್ನೇ ವಾಟ್ಸ್ಯಾಪಿನಲ್ಲಿ ಬರೆದ. ‘ಕೊಡುವುದಿಲ್ಲ, ಏನು ಮಾಡ್ತೀಯೋ ಮಾಡು’ ಎಂದು ಉತ್ತರ ಬಂತು. ಮೇಡಂಗೆ ಬೇಕಾದದ್ದೂ ಅದೇ. ಸಂಪ್ರೀತನ ದೂರನ್ನು ಅರ್ಧ ಪುಟಕ್ಕಿಳಿಸಿ, ಆ ಉತ್ತರವನ್ನೂ ಸೇರಿಸಿ, ನಮ್ಮ ರಾಯಭಾರ ಕಚೇರಿಗೂ ಅಲ್ಲಿಯ ಕಾರ್ಮಿಕ ಇಲಾಖೆಗೂ ಕಳಿಸಿದರು. ಇಲಾಖೆಯಿಂದ ಕರೆ ಹೋದದ್ದೇ ತಡ, ಕಪಾಟು ತೆರೆಯಿತು.

ಮದುವೆಗೆ ನಾವೆಲ್ಲ ಹೋಗಿದ್ದೆವು. ಝೈನಬ ಅವರು ತಾವೇ ನಿಂತು ಬಿರಿಯಾನಿ ಬಡಿಸುತ್ತಿದ್ದರು. ಊರಿಗೆಲ್ಲ ಬಾಯಿ ಬಿಡಲು ಕಲಿಸುವ ನಮ್ಮ ಮೇಡಂಗೆ ಸಾಕು ಅನ್ನಲು ದಾಕ್ಷಿಣ್ಯ, ಬಟ್ಟಲು ತುಂಬುತ್ತಲೇ ಇತ್ತು.

ನಮ್ಮನ್ನು ಮಾತಾಡಿಸಲು ಬಂದ ಮದುಮಗನ ಫೋನು ಆಗಲೇ ರಿಂಗಾಯಿತು. ಅದೇ ಮ್ಯಾನೇಜರ್. ಶುಭಾಶಯ ಹೇಳಿ, ಬಲು ಪ್ರೀತಿಯಿಂದ, “ಬಂದ ಕೂಡ್ಲೇ ಪಾಸ್‌ಪೋರ್ಟ್ ನನ್ನ ಕೈಯಲ್ಲಿ ಕೊಡು, ಜಾಗ್ರತೆಯಾಗಿ ಇಡ್ತೇನೆ” ಎಂದದ್ದು ನಮಗೂ ಕೇಳಿಸಿತು. ಶಫೀಕ್ ನನ್ನ ಮುಖ ನೋಡಿದ. ನಾನು ಅಭ್ಯಾಸಬಲದಿಂದ ಹುಬ್ಬು ಗಂಟಿಕ್ಕಿದೆ.

“ಇಲ್ಲ ಸರ್, ನನ್ನಲ್ಲೇ ಇರ್ಲಿ” ಎಂದು ಫೋನು ಕಿಸೆಗೆ ಹಾಕಿಕೊಂಡ.

ಝೈನಬ ಅವರ ಸೌಟು ಅರ್ಧದಲ್ಲೇ ನಿಂತಿತು. “ಅಲ್ಲ ಮೋನೇ, ಅವರಿಗೆ ಬೇಸರ ಆಗ್ಲಿಕ್ಕಿಲ್ವಾ?”

“ಆಗ್ಲಿ ಉಮ್ಮ” ಎಂದ ಶಫೀಕ್. “ನೀವು ತಿರುಮಲೇಶ್ವರ ಸರ್‌ಗೆ ಬಡಿಸಿ.”